ಕನ್ಸೋಲ್‌ನಲ್ಲಿ ಆನ್‌ಲೈನ್ ಆಟಕ್ಕೆ ಹೆಡ್‌ಸೆಟ್: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಫೋನಿನಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ನಮ್ಮ ಕಡೆ ಪಿಎಸ್4, ಪಿಎಸ್5 (ಸೋನಿಯ ಪ್ಲೇಸ್ಟೇಷನ್), ಎಕ್ಸ್‌ಬಾಕ್ಸ್ ಇರುವವರೇ ಹೆಚ್ಚು, ಹಾಗಾಗಿ ಉತ್ತರಗಳೂ ಅವುಗಳ ಸುತ್ತಲೇ ಇವೆ.

## ಕೊಳ್ಳುವ ಮೊದಲು

ಗೇಮಿಂಗ್ ಹೆಡ್‌ಸೆಟ್ ಅಂತ ಬೇರೆ ತಗೋಬೇಕಾ? ಫೋನ್ ಜೊತೆ ಬಂದ ಇಯರ್‌ಫೋನ್ ಇದೆಯಲ್ಲ, ಸಾಲದಾ?

ಶುರು ಮಾಡಲು ಸಾಕು. ಹಳೆಯ ಫೋನಿನ ಜೊತೆ ಬಂದ, 3.5 ಎಂಎಂ ಪಿನ್ನಿನ, ಮೈಕ್ ಇರುವ ಇಯರ್‌ಫೋನನ್ನು ಕಂಟ್ರೋಲರ್‌ನ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್ ಮೂರರಲ್ಲೂ ಆಟದ ಸದ್ದು ಕೇಳುತ್ತದೆ, ನಿಮ್ಮ ಮಾತೂ ಹೋಗುತ್ತದೆ. 2013ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ಮಾತ್ರ ಈ ಕಿಂಡಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಂಟ್ರೋಲರ್ ತಿರುಗಿಸಿ ನೋಡಿಕೊಳ್ಳಿ.

ಟೈಪ್-ಸಿ ಪಿನ್ನಿನ ಇಯರ್‌ಫೋನ್ ಬೇರೆ ಕಥೆ. ಅದನ್ನು ಕಂಟ್ರೋಲರ್‌ನ ಚಾರ್ಜಿಂಗ್ ಕಿಂಡಿಗೆ ಹಾಕಿದರೆ ಏನೂ ಆಗುವುದಿಲ್ಲ. ಪಿಎಸ್5ರ ಮುಂಭಾಗದ ಟೈಪ್-ಸಿ ಕಿಂಡಿಗೆ ಹಾಕಿದರೆ ಎಷ್ಟೋ ಇಯರ್‌ಫೋನ್‌ಗಳು ನಡೆಯುತ್ತವೆ.

ಇಯರ್‌ಫೋನ್ ಸೋಲುವುದು ಮೈಕ್‌ನಲ್ಲಿ. ವೈರಿನ ಮೇಲಿನ ಮೈಕ್ ಅಂಗಿಗೆ ಉಜ್ಜಿದಾಗಲೆಲ್ಲ ಸ್ನೇಹಿತರ ಕಿವಿಯಲ್ಲಿ ಗರಗರ ಸದ್ದು. ದಿನಕ್ಕೆ ಒಂದು ಗಂಟೆ ಎಫ್‌ಸಿ ಫುಟ್‌ಬಾಲ್ ಆಡುವವರಿಗೆ ಅದೇನೂ ದೊಡ್ಡ ತೊಂದರೆಯಲ್ಲ. ತಂಡ ಕಟ್ಟಿಕೊಂಡು ವಾರ್‌ಜೋನ್, ಫೋರ್ಟ್‌ನೈಟ್ ಆಡುವವರು ಬಾಯಿಯ ಹತ್ತಿರ ಕೋಲಿನಂತೆ ಚಾಚುವ ಮೈಕ್ ಇರುವ ಹೆಡ್‌ಸೆಟ್ ತೆಗೆದುಕೊಳ್ಳುವುದು ಒಳ್ಳೆಯದು.

ಹೆಡ್‌ಸೆಟ್ ನೋಡೋವಾಗ ಮೊದಲು ಏನ್ ನೋಡ್ಬೇಕು ಸಾರ್?

ಅದು ನಿಮ್ಮ ಕನ್ಸೋಲ್‌ಗೆ ಯಾವ ದಾರಿಯಲ್ಲಿ ಸೇರುತ್ತದೆ ಎಂಬುದನ್ನು. ಆಮೇಲೆ ಮೈಕ್. ಆಮೇಲೆ ತಲೆಯ ಮೇಲೆ ಎರಡು ಗಂಟೆ ಕೂರುತ್ತದೋ ಇಲ್ಲವೋ ಎಂಬುದು. ಸದ್ದಿನ ಗುಣಮಟ್ಟ ನಾಲ್ಕನೆಯದು. ಡಬ್ಬದ ಮೇಲಿನ 7.1 (ಸುತ್ತಲಿಂದ ಬಂದಂತೆ ಕೇಳಿಸುವ ಸದ್ದು), 50 ಎಂಎಂ ಡ್ರೈವರ್ (ಒಳಗಿನ ಸ್ಪೀಕರ್), ಬಣ್ಣಬಣ್ಣದ ಎಲ್‌ಇಡಿ ಎಲ್ಲಕ್ಕಿಂತ ಕೊನೆಗೆ. ವಾಪಸ್ ಬರುವ ಹೆಡ್‌ಸೆಟ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ, ಆ ಕನ್ಸೋಲ್‌ಗೆ ಹೊಂದದವಾಗಿರುತ್ತವೆ.

ಸೇರುವ ದಾರಿಗಳು ನಾಲ್ಕು. 3.5 ಎಂಎಂ ಪಿನ್ ಎಲ್ಲ ಕಡೆ ನಡೆಯುತ್ತದೆ. ಯುಎಸ್‌ಬಿ ವೈರ್ ಪಿಎಸ್4, ಪಿಎಸ್5ರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ಎಕ್ಸ್‌ಬಾಕ್ಸ್‌ನಲ್ಲಿ ಅದಕ್ಕೆಂದೇ ಪರವಾನಗಿ ಪಡೆದದ್ದು ಮಾತ್ರ ನಡೆಯುತ್ತದೆ. 2.4 ಗಿಗಾಹರ್ಟ್ಜ್ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ತುಂಡು) ಇರುವ ವೈರ್‌ಲೆಸ್‌ಗೂ ಇದೇ ನಿಯಮ. ನಾಲ್ಕನೆಯದು ಬ್ಲೂಟೂತ್, ಅದು ಪಿಎಸ್5ಕ್ಕೂ ಆಗದು, ಎಕ್ಸ್‌ಬಾಕ್ಸ್‌ಗೂ ಆಗದು.

ನನ್ನ ಬ್ಲೂಟೂತ್ ಹೆಡ್‌ಫೋನ್ ಪಿಎಸ್5ಗೆ ಕನೆಕ್ಟೇ ಆಗ್ತಿಲ್ಲ. ಡಿಫೆಕ್ಟ್ ಪೀಸಾ?

ಅಲ್ಲ. ಪಿಎಸ್5 ಒಳಗೆ ಬ್ಲೂಟೂತ್ ಇದೆ, ಆದರೆ ಅದು ಕಂಟ್ರೋಲರ್‌ಗಳಿಗೆ. ಮಾಮೂಲಿ ಬ್ಲೂಟೂತ್ ಹೆಡ್‌ಫೋನ್‌ಗೆ ಸದ್ದು ಕಳಿಸುವ ವ್ಯವಸ್ಥೆಯನ್ನು ಸೋನಿ ಕೊಟ್ಟಿಲ್ಲ. ಎಕ್ಸ್‌ಬಾಕ್ಸ್ ತನ್ನದೇ ಎಕ್ಸ್‌ಬಾಕ್ಸ್ ವೈರ್‌ಲೆಸ್ ಬಳಸುತ್ತದೆ.

ಯುಎಸ್‌ಬಿ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕಿ ಪಿಎಸ್5ರಲ್ಲಿ ನಡೆಸುವವರಿದ್ದಾರೆ. ಆದರೆ ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಅಂದರೆ 12 ಚಿತ್ರ ಹಿಂದೆ. ಹೆಜ್ಜೆ ಸಪ್ಪಳ ಕೇಳಿ ತಿರುಗುವಷ್ಟರಲ್ಲಿ ಗುಂಡು ಬಿದ್ದಾಗಿರುತ್ತದೆ. ಜೊತೆಗೆ, ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಫೋನ್ ಕಾಲ್ ಮೋಡ್‌ಗೆ ಇಳಿಯುತ್ತದೆ, ಸ್ಟೀರಿಯೋ ಹೋಗಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಸಿನಿಮಾ ನೋಡಲು ಅಡ್ಡಿಯಿಲ್ಲ, ಆನ್‌ಲೈನ್ ಆಟಕ್ಕೆ ಬೇಡ.

ಡಬ್ಬದ ಮೇಲೆ ಪಿಸಿ, ಪಿಎಸ್, ಎಕ್ಸ್‌ಬಾಕ್ಸ್ ಎಲ್ಲಾ ಬರೆದಿದೆ. ನಂಬಬಹುದಾ?

ಸಣ್ಣ ಅಕ್ಷರ ಓದಿ ನಂಬಿ. 'ಎಕ್ಸ್‌ಬಾಕ್ಸ್‌ಗೆ 3.5 ಎಂಎಂ ಮೂಲಕ ಮಾತ್ರ' ಎಂಬ ಸಾಲು ಡಬ್ಬದ ಬದಿಯಲ್ಲಿ ಅಡಗಿರುತ್ತದೆ. ಒಂದೇ ಮಾದರಿಗೆ ಎರಡು ಅವತಾರ ಇರುವುದೂ ಉಂಟು: ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ 7ರಲ್ಲಿ 'ಎಕ್ಸ್' ಎಂದು ಕೊನೆಯಾಗುವುದು ಎಕ್ಸ್‌ಬಾಕ್ಸ್‌ನಲ್ಲೂ ಪ್ಲೇಸ್ಟೇಷನ್‌ನಲ್ಲೂ ನಡೆಯುತ್ತದೆ, 'ಪಿ' ಎಂದು ಕೊನೆಯಾಗುವುದರ ಡಾಂಗಲ್ ಎಕ್ಸ್‌ಬಾಕ್ಸ್‌ನಲ್ಲಿ ನಡೆಯುವುದಿಲ್ಲ. ನೋಡಲು ಎರಡೂ ಒಂದೇ ಥರ.

ಕಡಿಮೆ ಬೆಲೆಯ ಹೆಡ್‌ಸೆಟ್‌ಗಳಲ್ಲಿ ಇನ್ನೊಂದು ತಮಾಷೆ. ವೈರಿನ ತುದಿಯಲ್ಲಿ ಯುಎಸ್‌ಬಿ ಪ್ಲಗ್ಗೂ ಇರುತ್ತದೆ, 3.5 ಎಂಎಂ ಪಿನ್ನೂ ಇರುತ್ತದೆ. ಆ ಯುಎಸ್‌ಬಿ ಬರೀ ದೀಪ ಉರಿಸಲು, ಅದರಲ್ಲಿ ಸದ್ದು ಹೋಗುವುದಿಲ್ಲ. ಹಾಗೆಯೇ ಹಸಿರು, ಗುಲಾಬಿ ಎರಡು ಪಿನ್ ಇದ್ದರೆ ಅದು ಕಂಪ್ಯೂಟರ್‌ಗೆ ಮಾಡಿದ್ದು. ಕಂಟ್ರೋಲರ್‌ಗೆ ಹಾಕಲು ಎರಡನ್ನೂ ಕೂಡಿಸಿ ಮೂರು ಕಪ್ಪು ಗೆರೆಯ ಒಂದೇ ಪಿನ್ ಮಾಡುವ ಸಣ್ಣ ವೈರ್ ಬೇಕು. ಒಂದು ಹಾಡನ್ನು ಇಬ್ಬರು ಕೇಳಲು ಮಾರುವ ಸ್ಪ್ಲಿಟರ್ ನೋಡಲು ಹಾಗೇ ಇದ್ದರೂ ಕೆಲಸಕ್ಕೆ ಬಾರದು.

ವೈರ್ ಇರೋದಾ, ವೈರ್‌ಲೆಸ್ಸಾ?

ಮೊದಲ ಹೆಡ್‌ಸೆಟ್ ಆದರೆ ವೈರ್ ಇರುವುದೇ. ವೈರ್ ಕಂಟ್ರೋಲರ್‌ಗೆ ತಾನೇ ಬರುವುದು, ಟಿವಿವರೆಗೆ ಎಳೆಯಬೇಕಿಲ್ಲ; ಒಂದೂಕಾಲು ಮೀಟರ್ ಉದ್ದ ಇದ್ದರೆ ಮಂಚದ ಮೇಲೆ ಕೂತೂ ಆಡಬಹುದು. ವೈರ್‌ಲೆಸ್ ಬೇಕೆಂದರೆ ಡಾಂಗಲ್ ಇರುವುದನ್ನೇ ತೆಗೆದುಕೊಳ್ಳಿ. ಚಾರ್ಜ್ ಆಗುತ್ತಿರುವಾಗಲೂ ಕೆಲಸ ಮಾಡುತ್ತದೆಯೇ, ಬ್ಯಾಟರಿ ಸತ್ತಾಗ 3.5 ಎಂಎಂ ವೈರ್ ಹಾಕಿ ಬಳಸಬಹುದೇ ಎಂದು ಕೇಳಿ. ಎರಡನೆಯದಕ್ಕೆ 'ಹೌದು' ಎಂದರೆ ಕೆಲವು ವರ್ಷ ಕಳೆದು ಬ್ಯಾಟರಿ ಸೊರಗಿದ ಮೇಲೂ ಹೆಡ್‌ಸೆಟ್ ಉಪಯೋಗಕ್ಕೆ ಬರುತ್ತದೆ.

ಎಷ್ಟ್ ದುಡ್ಡು ಇಡ್ಬೇಕು ಗುರು?

ವೈರ್ ಇರುವುದಕ್ಕೆ ಸುಮಾರು 2,000ದಿಂದ 5,000 ರೂಪಾಯಿ. ಅದಕ್ಕಿಂತ ಕೆಳಗೆ ಮೊದಲು ಕೈಕೊಡುವುದು ಮೈಕ್, ಆಮೇಲೆ ತಲೆಪಟ್ಟಿಯ ಪ್ಲಾಸ್ಟಿಕ್. ವೈರ್‌ಲೆಸ್‌ಗೆ ಆ ಬೆಲೆ ಸಾಲುವುದಿಲ್ಲ. ಅಗ್ಗದ ವೈರ್‌ಲೆಸ್‌ಗಿಂತ ಅದೇ ದುಡ್ಡಿನ ವೈರ್ ಹೆಡ್‌ಸೆಟ್ ಯಾವತ್ತೂ ಮೇಲು.

ಅರಸು ರೋಡಲ್ಲಿ ತಗೊಳೋದಾ, ಆನ್‌ಲೈನಾ, ಇಲ್ಲಾ ಬೆಂಗಳೂರಿಗೆ ಎಸ್.ಪಿ. ರೋಡಿಗೆ ಹೋಗೋದಾ?

ಬೆಲೆ ನೋಡಿದರೆ ಆನ್‌ಲೈನ್, ತಲೆಗೆ ಹಾಕಿ ನೋಡಬೇಕೆಂದರೆ ಅಂಗಡಿ. ಡೆಮೊ ಪೀಸ್ ಇಟ್ಟಿರುವ ಅಂಗಡಿ ಸಿಕ್ಕರೆ ಹತ್ತು ನಿಮಿಷ ಹಾಕಿಕೊಂಡೇ ನಿಂತಿರಿ. ಎರಡನೇ ನಿಮಿಷಕ್ಕೆ ಹಿತವಾಗಿದ್ದದ್ದು ಎಂಟನೇ ನಿಮಿಷಕ್ಕೆ ಕಿವಿಯ ಮೇಲ್ತುದಿ ಒತ್ತಲು ಶುರುಮಾಡುತ್ತದೆ. ನಿಮ್ಮ ಫೋನಿಗೆ ಸಿಕ್ಕಿಸಿ, ವಾಯ್ಸ್ ರೆಕಾರ್ಡರ್‌ನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಅಲ್ಲೇ ಕೇಳಿ. ಮೈಕ್ ಪರೀಕ್ಷೆಗೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಎಸ್.ಪಿ. ರಸ್ತೆಯಲ್ಲಿ ಕೆಲವು ಮಾಲು ಅಗ್ಗಕ್ಕೆ ಸಿಗುತ್ತದೆ, ಬಸ್ ಚಾರ್ಜು ಲೆಕ್ಕ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೆ. ಎಲ್ಲೇ ಕೊಂಡರೂ ಡಬ್ಬದ ಮೇಲೆ ಆಮದು ಮಾಡಿಕೊಂಡವರ ಹೆಸರು, ಭಾರತದ ವಿಳಾಸ, ಎಂಆರ್‌ಪಿ ಚೀಟಿ ಇದೆಯೇ ನೋಡಿ. ಅದಿಲ್ಲದಿದ್ದರೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಇದ್ದೂ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಿಂಟೆಂಡೊ ಸ್ವಿಚ್‌ಗೂ ಇದೇ ನಡೆಯುತ್ತಾ?

3.5 ಎಂಎಂ ನಡೆಯುತ್ತದೆ, ಕಿಂಡಿ ಕನ್ಸೋಲ್‌ನ ಮೇಲ್ಭಾಗದಲ್ಲಿದೆ. 2021ರ ಅಪ್‌ಡೇಟ್ ನಂತರ ಬ್ಲೂಟೂತ್‌ನಲ್ಲಿ ಸದ್ದು ಕೇಳಬಹುದು, ಆದರೆ ಬ್ಲೂಟೂತ್ ಮೈಕ್ ನಡೆಯುವುದಿಲ್ಲ. ಫೋರ್ಟ್‌ನೈಟ್‌ನಂಥ ಕೆಲವು ಆಟಗಳು ವೈರ್ ಹೆಡ್‌ಸೆಟ್‌ನಲ್ಲಿ ನೇರವಾಗಿ ಮಾತಾಡಲು ಬಿಡುತ್ತವೆ.

## ಮನೆಗೆ ತಂದ ಮೇಲೆ

ಫ್ರೆಂಡ್ಸ್ ಮಾತು ಕೇಳುತ್ತೆ, ಗೇಮ್ ಸೌಂಡ್ ಮಾತ್ರ ಟಿವೀಲೇ ಬರ್ತಿದೆ

ಒಂದು ಸೆಟ್ಟಿಂಗ್ ಅಷ್ಟೆ. ಪಿಎಸ್4ರಲ್ಲಿ ಸೆಟ್ಟಿಂಗ್ಸ್ → ಡಿವೈಸಸ್ → ಆಡಿಯೋ ಡಿವೈಸಸ್ → ಔಟ್‌ಪುಟ್ ಟು ಹೆಡ್‌ಫೋನ್ಸ್‌ಗೆ ಹೋಗಿ 'ಚಾಟ್ ಆಡಿಯೋ' ಬದಲು 'ಆಲ್ ಆಡಿಯೋ' ಆರಿಸಿ. ಪಿಎಸ್5ರಲ್ಲಿ ಇದೇ ಆಯ್ಕೆ ಸೆಟ್ಟಿಂಗ್ಸ್ → ಸೌಂಡ್ → ಆಡಿಯೋ ಔಟ್‌ಪುಟ್ ಒಳಗಿದೆ. ಆಟದ ಸದ್ದಿನಲ್ಲಿ ಮಾತು ಮುಳುಗುತ್ತಿದ್ದರೆ, ಪಿಎಸ್ ಗುಂಡಿ ಒಮ್ಮೆ ಒತ್ತಿ ಕೆಳಗಿನ ಸಾಲಿನಲ್ಲಿ ಸೌಂಡ್ ತೆರೆದು, ಆಟ–ಮಾತಿನ ತೂಕವನ್ನು ಮಾತಿನ ಕಡೆಗೆ ಸ್ವಲ್ಪ ಸರಿಸಿ.

ನಾನ್ ಮಾತಾಡದು ಯಾರ್ಗೂ ಕೇಳಕ್ಕಿಲ್ಲ ಅಂತಾರೆ, ಏನ್ ಮಾಡದು?

ಈ ಕ್ರಮದಲ್ಲಿ ನೋಡಿ. ಪಿಎಸ್5 ಕಂಟ್ರೋಲರ್‌ನಲ್ಲಿ ಪಿಎಸ್ ಗುಂಡಿಯ ಕೆಳಗಿನ ಮ್ಯೂಟ್ ಗುಂಡಿ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದ್ದರೆ ಮೈಕ್ ಬಂದ್ ಆಗಿದೆ. ಹೆಡ್‌ಸೆಟ್‌ನ ವೈರಿನ ಮೇಲೂ ಒಂದು ಸ್ವಿಚ್ ಇರುತ್ತದೆ. ಕೆಲವದರಲ್ಲಿ ಮೈಕ್ ಕೋಲನ್ನು ಮೇಲಕ್ಕೆ ಮಡಚಿದರೇ ಮ್ಯೂಟ್. ಕಳಚುವ ಮೈಕ್ ಆದರೆ 'ಟಕ್' ಎನ್ನುವವರೆಗೆ ಒತ್ತಿ, ಅರೆಬರೆ ಕೂತಿರುವ ಮೈಕ್ ಈ ದೂರಿನ ದೊಡ್ಡ ಕಾರಣ. ಕಂಟ್ರೋಲರ್‌ಗೆ ಸಿಲಿಕಾನ್ ಕವರ್ ಹಾಕಿದ್ದರೆ ತೆಗೆದು ಪಿನ್ ಸಿಕ್ಕಿಸಿ. ಕವರ್ ಅಡ್ಡ ಬಂದು ಪಿನ್ ಸ್ವಲ್ಪ ಹೊರಗುಳಿದರೂ ಸದ್ದು ಬರುತ್ತದೆ, ಮೈಕ್ ನಡೆಯುವುದಿಲ್ಲ.

ಇಷ್ಟಕ್ಕೂ ಆಗದಿದ್ದರೆ ಪಿಎಸ್5ರ ಸೆಟ್ಟಿಂಗ್ಸ್ → ಸೌಂಡ್ → ಮೈಕ್ರೊಫೋನ್‌ನಲ್ಲಿ ಮೈಕ್ ಮಟ್ಟದ ಪಟ್ಟಿ ನೋಡುತ್ತಾ ಮಾತಾಡಿ. ಪಟ್ಟಿ ಕುಣಿದರೆ ಹೆಡ್‌ಸೆಟ್ ಸರಿಯಿದೆ, ತೊಂದರೆ ಪಾರ್ಟಿಯಲ್ಲೋ (ಕನ್ಸೋಲಿನ ಮಾತಿನ ಗುಂಪು) ಆಟದೊಳಗಿನ ವಾಯ್ಸ್ ಚಾಟ್ ಸೆಟ್ಟಿಂಗ್‌ನಲ್ಲೋ ಇದೆ. ಪಾರ್ಟಿಯಲ್ಲಿದ್ದಾಗ ಆಟದ ಚಾಟ್‌ಗೆ ನಿಮ್ಮ ದನಿ ಹೋಗದಿರುವುದು ಸಾಮಾನ್ಯ.

ಅಡುಗೆಮನೆ ಕುಕ್ಕರ್ ವಿಷಲ್ಲು, ಫ್ಯಾನ್ ಸದ್ದು ಎಲ್ಲಾ ಅವರಿಗೆ ಕೇಳುತ್ತಂತೆ

ಮೈಕ್ ತುಟಿಯ ಮುಂದಲ್ಲ, ಬಾಯಿಯ ಮೂಲೆಯಿಂದ ಎರಡು ಬೆರಳಗಲ ಆಚೆ, ಸ್ವಲ್ಪ ಕೆಳಗೆ ಇರಲಿ. ಉಸಿರು ನೇರ ಬಡಿಯುವುದಿಲ್ಲ. ಅಷ್ಟು ಹತ್ತಿರ ಇಟ್ಟ ಮೇಲೆ ಮೈಕ್ ಮಟ್ಟ ಇಳಿಸಬಹುದು, ಮಟ್ಟ ಇಳಿಸಿದಷ್ಟೂ ಹಿಂದಿನ ಸದ್ದು ಸೋಲುತ್ತದೆ. ದೂರ ಇಟ್ಟು ಮಟ್ಟ ಏರಿಸುವವರ ಮನೆಯಿಂದಲೇ ಕುಕ್ಕರ್ ಎಷ್ಟು ಕೂಗಿತು ಎಂಬ ಲೆಕ್ಕ ಎಲ್ಲರಿಗೂ ಸಿಗುವುದು. ಫ್ಯಾನ್ ನೆತ್ತಿಯ ಮೇಲಿದ್ದರೆ ಮೈಕ್‌ಗೆ ಸ್ಪಂಜಿನ ಟೋಪಿ ಹಾಕಿ. ಕೊಳ್ಳುವಾಗ ಕಾರ್ಡಿಯಾಯ್ಡ್ ಅಥವಾ ಯುನಿಡೈರೆಕ್ಷನಲ್ ಮೈಕ್ ಎಂದಿದ್ದರೆ ಒಳ್ಳೆಯದು. ಅದು ಬಾಯಿಯ ಕಡೆಯ ಸದ್ದನ್ನೇ ಹೆಚ್ಚು ಹಿಡಿಯುತ್ತದೆ. ಗಣೇಶನ ಪೆಂಡಾಲಿನ ಮೈಕ್‌ಸೆಟ್ಟಿಗೆ ಮಾತ್ರ ಇದಾವುದೂ ನಾಟದು. ಆ ದಿನ ಮಾತಾಡುವಾಗಷ್ಟೇ ಮ್ಯೂಟ್ ತೆಗೆಯಿರಿ.

ಅವರು ಮಾತಾಡಿದ್ದು ಅವರಿಗೇ ವಾಪಸ್ ಕೇಳುತ್ತಂತೆ, ನನ್ನಿಂದಾನಾ?

ಬಹುಮಟ್ಟಿಗೆ ಹೌದು, ನೀವು ಮ್ಯೂಟ್ ಆದ ಕೂಡಲೇ ನಿಂತರೆ ಖಂಡಿತ. ಮೊದಲು ಟಿವಿ ಸದ್ದು ಪೂರ್ತಿ ಇಳಿಸಿ. ಆಮೇಲೆ ಹೆಡ್‌ಸೆಟ್ ಕೈಯಲ್ಲಿ ಹಿಡಿದು, ಕಿವಿದಿಂಬುಗಳನ್ನು ಅಂಗೈಯಿಂದ ಮುಚ್ಚಿ ಪರೀಕ್ಷಿಸಿ. ಎಕೋ ನಿಂತರೆ ದಿಂಬಿನಿಂದ ಹೊರಸೋರಿದ ಸದ್ದು ಮೈಕ್‌ಗೆ ಹೋಗುತ್ತಿದೆ, ವಾಲ್ಯೂಮ್ ಇಳಿಸಬೇಕು.

ಮುಚ್ಚಿದರೂ ನಿಲ್ಲದಿದ್ದರೆ ತಪ್ಪು ವೈರಿನಲ್ಲಿದೆ. 3.5 ಎಂಎಂ ಪಿನ್ನಿನಲ್ಲಿ ಎಡ, ಬಲ, ಮೈಕ್ ಮೂರಕ್ಕೂ ಗ್ರೌಂಡ್ (ಸಿಗ್ನಲ್ ಮರಳುವ ದಾರಿ) ಒಂದೇ. ತೆಳು ವೈರಿನ ಎಕ್ಸ್‌ಟೆನ್ಷನ್ ಸೇರಿಸಿದಾಗ ಆ ಗ್ರೌಂಡ್ ದಾರಿಯಲ್ಲಿ ತಡೆ ಹೆಚ್ಚಿ, ಕಿವಿಗೆ ಹೋಗಬೇಕಾದ ಸಿಗ್ನಲ್‌ನ ಚೂರು ಮೈಕ್ ದಾರಿಗೆ ನುಸುಳುತ್ತದೆ. ಎಕ್ಸ್‌ಟೆನ್ಷನ್ ತೆಗೆದರೆ ಸರಿಹೋಗುತ್ತದೆ.

ಏಪ್ರಿಲ್ ಬಂದ್ರೆ ಕಿವಿ ಬೆವರಿ ಹೋಗುತ್ತೆ, ದಿಂಬಿನ ಚರ್ಮ ಬೇರೆ ಸಿಪ್ಪೆ ಸುಲಿದಂಗೆ ಉದುರುತ್ತೆ

ಅದು ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಬೆವರು, ಸೆಕೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮೂರೂ ಸೇರಿದರೆ ಬೇಗ ಪದರ ಏಳುತ್ತದೆ. ಆಡಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಬಿಡಿ. ಸ್ಯಾನಿಟೈಸರ್, ಸ್ಪಿರಿಟ್ ಹಚ್ಚಬೇಡಿ, ಪದರ ಇನ್ನೂ ಬೇಗ ಬಿರಿಯುತ್ತದೆ.

ಬಟ್ಟೆಯ ದಿಂಬಿಗೆ ಗಾಳಿಯಾಡುತ್ತದೆ, ನಮ್ಮ ಬೇಸಿಗೆಗೆ ಅದೇ ಹಿತ. ಬದಲಿಗೆ ಬೇಸ್ ಸ್ವಲ್ಪ ಕಡಿಮೆಯಾಗುತ್ತದೆ, ಹೊರಗಿನ ಸದ್ದು ಒಳಬರುತ್ತದೆ. ಬದಲಿ ದಿಂಬು ಸಿಗುವ ಮಾದರಿಯನ್ನೇ ಕೊಳ್ಳಿ. ಕೊಳ್ಳುವಾಗ ನೋಡಬೇಕಾದ್ದು ದಿಂಬಿನ ಹೊರಸುತ್ತಿನ ಉದ್ದಗಲ ಮತ್ತು ಒಳಗಿನ ಕಿವಿಗುಳಿಯ ಅಳತೆ. ಕಿವಿ ಪೂರ್ತಿ ಒಳಗೆ ಕೂರಬೇಕು, ದಿಂಬಿನ ಮೇಲಲ್ಲ. ತೂಕ 300 ಗ್ರಾಂ ಒಳಗಿರಲಿ.

ಕನ್ನಡಕ ಹಾಕ್ತೀನಿ, ಅರ್ಧ ಗಂಟೆಗೆ ಕಪಾಲ ನೋಯುತ್ತೆ

ಮೆತ್ತನೆಯ ದಿಂಬು, ಸಡಿಲ ಹಿಡಿತ ಬೇಕು. ತಲೆಪಟ್ಟಿ ಉಕ್ಕಿನದಾದರೆ ನಿಮ್ಮ ತಲೆಗಿಂತ ತುಸು ಅಗಲವಾಗುವಂತೆ ಪುಸ್ತಕಗಳನ್ನು ಪೇರಿಸಿ, ರಾತ್ರಿಯಿಡೀ ಅವುಗಳ ಮೇಲೆ ಹಾಕಿಡಿ. ಪ್ಲಾಸ್ಟಿಕ್ ಪಟ್ಟಿಗೆ ಈ ಪ್ರಯೋಗ ಬೇಡ, ಬೆಳಿಗ್ಗೆ ಎರಡು ತುಂಡು ಸಿಗಬಹುದು.

ಮಗನಿಗೆ ಕೊಡಿಸ್ತಿದೀವಿ. ಯಾರ ಜೊತೆ ಮಾತಾಡ್ತಾನೋ ಗೊತ್ತಾಗಲ್ವಲ್ಲ?

ಹೆಡ್‌ಸೆಟ್ ಕೈಗೆ ಕೊಡುವ ಮೊದಲು ಕನ್ಸೋಲ್‌ನಲ್ಲಿ ಅವನಿಗೆ ಮಕ್ಕಳ ಖಾತೆ ಮಾಡಿ. ಪಿಎಸ್5ರಲ್ಲಿ ಸೆಟ್ಟಿಂಗ್ಸ್ → ಫ್ಯಾಮಿಲಿ ಅಂಡ್ ಪೇರೆಂಟಲ್ ಕಂಟ್ರೋಲ್ಸ್ ಒಳಗೆ ಸಂವಹನಕ್ಕೆ ಮಿತಿ ಹಾಕಬಹುದು. ಎಕ್ಸ್‌ಬಾಕ್ಸ್‌ಗೆ ಫೋನಿನಲ್ಲೇ ಫ್ಯಾಮಿಲಿ ಆ್ಯಪ್ ಇದೆ, ಸ್ನೇಹಿತರ ಪಟ್ಟಿಯಲ್ಲಿ ಇರುವವರ ಜೊತೆ ಮಾತ್ರ ಮಾತು ಎಂದು ಕಟ್ಟುಹಾಕಬಹುದು.

## ಸ್ವಲ್ಪ ಆಳಕ್ಕೆ

7.1, ಅಟ್ಮಾಸ್, ತ್ರೀಡಿ ಆಡಿಯೋ ಎಲ್ಲಾ ಆನ್ ಮಾಡಿದೀನಿ. ಆದ್ರೂ ಹೆಜ್ಜೆ ಸದ್ದು ಎಲ್ಲಿಂದ ಅಂತಾನೇ ಗೊತ್ತಾಗಲ್ಲ

ಎಲ್ಲಾ ಆನ್ ಮಾಡಿದ್ದೇ ಕಾರಣ. ಹೆಡ್‌ಸೆಟ್‌ನಲ್ಲಿರುವುದು ಎರಡೇ ಸ್ಪೀಕರ್. ಹಿಂದೆ, ಮೇಲೆ ಎಂಬ ಭಾಸವನ್ನು ಲೆಕ್ಕ ಹಾಕಿ ಹುಟ್ಟಿಸಲಾಗುತ್ತದೆ. ಆ ಲೆಕ್ಕ ಒಮ್ಮೆ ಮಾತ್ರ ಆಗಬೇಕು. ಆಟ ಒಮ್ಮೆ, ಕನ್ಸೋಲ್ ಇನ್ನೊಮ್ಮೆ, ಹೆಡ್‌ಸೆಟ್ ಮತ್ತೊಮ್ಮೆ ಮಾಡಿದರೆ ಸಾಂಬಾರಿಗೆ ಮೂವರು ಉಪ್ಪು ಹಾಕಿದ ಹಾಗೆ.

ಪಿಎಸ್5ರಲ್ಲಿ ಕನ್ಸೋಲ್‌ನ ತ್ರೀಡಿ ಆಡಿಯೋ ಒಂದೇ ಇಟ್ಟುಕೊಳ್ಳಿ. ಯಾವ ಸ್ಟೀರಿಯೋ ಹೆಡ್‌ಸೆಟ್‌ಗೂ ಅದು ನಡೆಯುತ್ತದೆ. ಅದರ ಪ್ರೊಫೈಲ್‌ಗಳಲ್ಲಿ ಸದ್ದು ನಿಮ್ಮ ಕಿವಿಯ ಮಟ್ಟಕ್ಕೇ ಬಂದಂತೆ ಕೇಳುವುದನ್ನು ಆರಿಸಿ. ಎಕ್ಸ್‌ಬಾಕ್ಸ್‌ನಲ್ಲಿ ವಿಂಡೋಸ್ ಸೋನಿಕ್ ಉಚಿತ, ಡಾಲ್ಬಿ ಅಟ್ಮಾಸ್‌ಗೆ ದುಡ್ಡು. ಮೊದಲು ಉಚಿತದ್ದನ್ನು ಒಂದು ವಾರ ಬಳಸಿ. ಹೆಡ್‌ಸೆಟ್‌ನ 7.1 ಗುಂಡಿ ಆಫ್. ಆಟದೊಳಗೆ ಹೆಡ್‌ಫೋನ್ ಮೋಡ್ ಇದ್ದರೆ ಅದೂ ಕನ್ಸೋಲಿನದೂ ಎರಡರಲ್ಲಿ ಒಂದು. ಬೇಸ್ ಕೂಡ ತಗ್ಗಿಸಿ, ಬಾಂಬಿನ ಗುಡುಗು ಹೆಜ್ಜೆಯ ಸದ್ದನ್ನು ನುಂಗುತ್ತದೆ.

ವೈರ್‌ಲೆಸ್ ಹೆಡ್‌ಸೆಟ್ ನಡುನಡುವೆ ಕಟ್ ಕಟ್ ಅಂತಿದೆ

ಡಾಂಗಲ್ ಎಲ್ಲಿದೆ ನೋಡಿ. ಪಿಎಸ್5 ಸ್ಲಿಮ್‌ನಲ್ಲಿ ಮುಂದೆ ಇರುವುದು ಎರಡು ಟೈಪ್-ಸಿ ಕಿಂಡಿ, ಹಳೆಯ ಅಗಲ ಕಿಂಡಿಗಳು ಹಿಂದೆ. ಹಾಗಾಗಿ ಡಾಂಗಲ್ ಹಿಂಬದಿಗೆ ಹೋಗಿ ಕನ್ಸೋಲ್ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಅದೂ 2.4 ಗಿಗಾಹರ್ಟ್ಜ್‌ನಲ್ಲೇ ಗದ್ದಲ ಎಬ್ಬಿಸುತ್ತದೆ. ಅರ್ಧ ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಡಾಂಗಲ್ಲನ್ನು ನಿಮ್ಮ ಕಣ್ಣಿಗೆ ಕಾಣುವಲ್ಲಿ ತನ್ನಿ. ರೂಟರ್‌ನಿಂದ ಒಂದು ಮೀಟರ್ ದೂರವಿರಲಿ, ಕನ್ಸೋಲ್‌ನ ವೈ-ಫೈ 5 ಗಿಗಾಹರ್ಟ್ಜ್‌ಗೆ ಬದಲಾಗಲಿ.

ಕರೆಂಟ್ ಹೋಗಿ ಇನ್ವರ್ಟರ್ ಬಂದ್ ತಕ್ಷಣ ಹೆಡ್‌ಸೆಟ್ಟಲ್ಲಿ ಗುಂಯ್ ಅಂತದೆ

ಕಂಟ್ರೋಲರ್ ಚಾರ್ಜಿಂಗ್ ವೈರಿನಲ್ಲಿದೆಯೇ? ಕಳಚಿ. ಸದ್ದು ನಿಂತರೆ ಅದು ವಿದ್ಯುತ್ ಲೈನಿನಿಂದ ಬಂದ ಗದ್ದಲ, ಹೆಡ್‌ಸೆಟ್‌ನ ತಪ್ಪಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳಲ್ಲಿ ಇದು ಹೆಚ್ಚು, ಸೈನ್ ವೇವ್‌ನಲ್ಲಿ ಕಡಿಮೆ. ಟಿವಿಯ ಬೋರ್ಡಿನಲ್ಲಿ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಎಲ್ಲರ ದನಿ ರೋಬೋಟ್ ಥರ ಕೇಳುತ್ತೆ. ಹೆಡ್‌ಸೆಟ್ ಬದಲಾಯಿಸ್ಲಾ?

ಬೇಡ, ಅದು ನೆಟ್. ಮಾತಿಗೆ ಬೇಕಾಗುವ ಡೇಟಾ ತೀರಾ ಕಡಿಮೆ, ಆದರೆ ತಡೆಯಿಲ್ಲದೆ ಬರಬೇಕು. ಲ್ಯಾನ್ ಕೇಬಲ್ ಹಾಕಿ ನೋಡಿ, ಮುಕ್ಕಾಲು ಪಾಲು ಅಲ್ಲೇ ಸರಿಹೋಗುತ್ತದೆ. ಒಬ್ಬಿಬ್ಬರ ದನಿ ಮಾತ್ರ ಕೇಳದಿದ್ದರೆ ಪಿಎಸ್5ರಲ್ಲಿ ಇಂಟರ್ನೆಟ್ ಪರೀಕ್ಷೆ ಮಾಡಿ ನ್ಯಾಟ್ ಟೈಪ್ (ಹೊರಗಿನವರ ಸಂಪರ್ಕವನ್ನು ನಿಮ್ಮ ನೆಟ್ ಎಷ್ಟು ಸಲೀಸಾಗಿ ಬಿಡುತ್ತದೆ ಎಂಬ ಅಂಕಿ) ನೋಡಿ. 3 ಎಂದು ಬಂದರೆ ರೂಟರ್‌ನಲ್ಲಿ ಯುಪಿಎನ್‌ಪಿ ಎಂಬ ಆಯ್ಕೆ ಆನ್ ಮಾಡಿ. ಆಗಲೂ ಬದಲಾಗದಿದ್ದರೆ ಪಬ್ಲಿಕ್ ಐಪಿ (ನಿಮಗೇ ಮೀಸಲಾದ ಇಂಟರ್ನೆಟ್ ವಿಳಾಸ) ಕೊಡುತ್ತೀರಾ ಎಂದು ಫೈಬರ್ ಕೊಟ್ಟವರನ್ನು ಕೇಳಿ.

ಮನೇಲಿ 250 ಓಮ್ ಸ್ಟುಡಿಯೋ ಹೆಡ್‌ಫೋನ್ ಇದೆ. ಅದಕ್ಕೇ ಮೈಕ್ ಸೇರಿಸಬಹುದಾ?

ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ. 250 ಓಮ್ ದುಡಿಸುವಷ್ಟು ಶಕ್ತಿ ಕಂಟ್ರೋಲರ್‌ಗೆ ಇಲ್ಲ, ಪೂರ್ತಿ ಏರಿಸಿದರೂ ಪೇಲವ. 32 ಓಮ್ ಆಸುಪಾಸಿನದಾದರೆ ಧಾರಾಳವಾಗಿ ಆಗುತ್ತದೆ: ಕಳಚುವ ವೈರ್ ಇರುವ ಹೆಡ್‌ಫೋನ್‌ಗೆ ಮೈಕ್ ಕೋಲು ಇರುವ ಬದಲಿ ವೈರ್ ಸಿಗುತ್ತದೆ. ಹಿಂಬದಿ ತೆರೆದ ಓಪನ್ ಬ್ಯಾಕ್ ಹೆಡ್‌ಫೋನ್‌ನಲ್ಲಿ ದಿಕ್ಕು ಚೆನ್ನಾಗಿ ತಿಳಿಯುತ್ತದೆ, ಆದರೆ ಪಕ್ಕದಲ್ಲಿ ಮಲಗಿದವರಿಗೂ ಆಟ ಕೇಳುತ್ತದೆ.

ರಾತ್ರಿ ಆಡಿ ಮಲಗಿದ್ರೆ ಕಿವೀಲಿ ಗುಂಯ್‌ಗುಡುತ್ತೆ. ಎಷ್ಟ್ ವಾಲ್ಯೂಮ್ ಇಡ್ಬೇಕು?

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಮನೆಯಲ್ಲಿ ಅಳೆಯುವುದು ಹೇಗೆ? ಆಟ ಓಡುತ್ತಿರುವಾಗ ಒಂದು ತೋಳಳತೆ ದೂರದಿಂದ ಯಾರಾದರೂ ಮಾಮೂಲಿ ದನಿಯಲ್ಲಿ ಕರೆಯಲಿ. ಕೇಳಿಸದಿದ್ದರೆ ಜೋರಾಯಿತು. ಗುಂಯ್‌ಗುಟ್ಟುವುದು ಮಾರನೆಯ ದಿನವೂ ನಿಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ದೇಶದ ಬೇರೆಬೇರೆ ಕಡೆಯವರು ಹುಡುಕಿಕೊಂಡು ಬರುವ ಜಾಗ ನಮ್ಮೂರಲ್ಲೇ ಇದೆ.

ಒಂದು ಕಿವಿ ಮಂದವಾಗಿರುವವರು ಮೊನೊ ಆಡಿಯೋ ಆನ್ ಮಾಡಿಕೊಳ್ಳಬಹುದು, ಪಿಎಸ್5ರಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಆ ಆಯ್ಕೆ ಇದೆ. ದಿಕ್ಕು ತಿಳಿಯದು, ಆದರೆ ಯಾವ ಸದ್ದೂ ತಪ್ಪುವುದಿಲ್ಲ.

ಪಿನ್ ಹತ್ರ ವೈರ್ ಕಟ್ಟಾಗಿ ಒಂದ್ ಕಡೆ ಕೇಳ್ತಿಲ್ಲ. ಬಿಸಾಕ್ಲಾ?

ವಾರಂಟಿ ಮುಗಿದಿದ್ದರೆ ಬಿಸಾಕುವ ಮೊದಲು ಹೊಸ ಪಿನ್ ಹಾಕಿಸಿ, ಮೊಬೈಲ್ ರಿಪೇರಿಯವರೂ ಮಾಡಿಕೊಡುತ್ತಾರೆ. ಮೂರು ಗೆರೆ, ನಾಲ್ಕು ಭಾಗದ ಪಿನ್ನೇ ಬೇಕು. ತುದಿಯಿಂದ ಬುಡಕ್ಕೆ ಕ್ರಮ: ಎಡ, ಬಲ, ಗ್ರೌಂಡ್, ಮೈಕ್. ಕೊನೆಯ ಎರಡು ಅದಲುಬದಲಾದ ಹಳೆಯ ಕ್ರಮವೂ ಒಂದಿದೆ, ಹಾಗೆ ಬೆಸುಗೆ ಹಾಕಿದರೆ ಮೈಕ್ ಸಾಯುತ್ತದೆ.

ಮುರಿದ ಜಾಗದಿಂದ ಮೂರು ಸೆಂಟಿಮೀಟರ್ ಹಿಂದಕ್ಕೆ ಕತ್ತರಿಸಿ. ಪಿನ್ನಿನ ಮುಚ್ಚಳವನ್ನು ಮೊದಲೇ ವೈರಿಗೆ ಪೋಣಿಸಿಕೊಳ್ಳಿ, ಇಲ್ಲದಿದ್ದರೆ ಬೆಸೆದ ಮೇಲೆ ಅದು ಒಳಗೆ ಹೋಗುವುದಿಲ್ಲ. ಒಳಗಿನ ಬಣ್ಣದ ಎಳೆಗಳ ಮೇಲೆ ಎನಾಮೆಲ್ ಲೇಪ ಇರುತ್ತದೆ. ಸುಮಾರು 350 ಡಿಗ್ರಿ ಬಿಸಿ ಮಾಡಿದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಬೆಸುಗೆಯ ಸೀಸದ ಹನಿ ಹಿಡಿದು, ಎಳೆ ಅದರಲ್ಲಿ ಹೊಗೆಯಾಡಿ ಬೆಳ್ಳಗಾಗುವವರೆಗೆ ಅದ್ದಿ. ಲೇಪ ಉಳಿದರೆ ಬೆಸುಗೆ ಕೂತಂತೆ ಕಂಡರೂ ಕರೆಂಟ್ ಹರಿಯದು. ಬಣ್ಣ ನಂಬಿ ಬೆಸೆಯಬೇಡಿ, ಕಂಪನಿಗೊಂದು ರೀತಿ. ಮಲ್ಟಿಮೀಟರ್ ಇಟ್ಟರೆ ಗ್ರೌಂಡ್ ಮತ್ತು ಸ್ಪೀಕರ್ ಎಳೆಯ ನಡುವೆ 32 ಓಮ್ ಆಸುಪಾಸು ತೋರಿಸುತ್ತದೆ, ಮುಟ್ಟಿಸಿದಾಗ ಆ ಕಡೆಯ ಕಿವಿಯಲ್ಲಿ ಸಣ್ಣಗೆ 'ಚಟ್' ಎನ್ನುತ್ತದೆ. ಬೆಸೆದಾದ ಮೇಲೆ ಎಳೆಗಳು ಒಂದಕ್ಕೊಂದು ತಾಗದಂತೆ ನಡುವೆ ಟೇಪು ಹಾಕಿ, ಮುಚ್ಚಳ ತಿರುಗಿಸಿ.